ಜರ್ಮನಿಯ ಇಂಟಿಗ್ರೇಷನ್ ಕೋರ್ಸ್: ಕೂತು ಮುಗಿಸಿದವಳ ರಿವ್ಯೂ

ಹೊರದೇಶದಿಂದ ಬಂದವರಿಗೆ ಜರ್ಮನ್ ಭಾಷೆ ಕಲಿಸುವ ಈ ಸರ್ಕಾರಿ ಕೋರ್ಸಿಗೆ ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಸ್ಟಾರ್ ಕೋರ್ಸಿನದ್ದಲ್ಲ, ನಾನು ಸೇರಿದ ಶಾಲೆಯದ್ದು. ಶಾಲೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಈಗ ಆಫೀಸಿನವರೆಲ್ಲ ಬದಲಾಗಿದ್ದಾರಂತೆ. ಹಳೆಯ ಸಿಟ್ಟನ್ನು ಹೊಸಬರ ಮೇಲೆ ಯಾಕೆ ತೀರಿಸಿಕೊಳ್ಳಬೇಕು?

ಗಂಡನಿಗೋ ಹೆಂಡತಿಗೋ ಜರ್ಮನಿಯಲ್ಲಿ ಕೆಲಸ ಸಿಕ್ಕಿ, ಜೊತೆಗೆ ಹೊರಟು ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಸಾಫ್ಟ್‌ವೇರ್, ನರ್ಸಿಂಗ್ ಇಂಥದ್ದೇನೂ ಕಲಿಯದವರಿಗೆ. ನನ್ನದು ಇತಿಹಾಸದಲ್ಲಿ ಎಂ.ಎ., ಮೇಲೆ ಬಿ.ಎಡ್. ತಿಪಟೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೆ, ಕನ್ನಡ ಮಾಧ್ಯಮದಲ್ಲಿ. ಈಗ ಇರುವುದು ಸ್ಟುಟ್‌ಗಾರ್ಟ್ ಪಕ್ಕದ ಬ್ಯೋಬ್ಲಿಂಗೆನ್‌ನಲ್ಲಿ. ಈ ಕಡೆ ಎಲ್ಲ ಕಾರಿನ ಲೋಕ. ಎಂಜಿನಿಯರ್ ಅಂದರೆ ಕುರ್ಚಿ ಎಳೆದು ಕೂರಿಸುತ್ತಾರೆ. ಕನ್ನಡದಲ್ಲಿ ಇತಿಹಾಸ ಹೇಳಿಕೊಡುವವಳು ಬೇಕು ಅಂತ ಯಾರೂ ಜಾಹೀರಾತು ಹಾಕುವುದಿಲ್ಲ.

ನಮ್ಮ ಮನೆಯವರದ್ದು ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿ ಕೆಲಸಕ್ಕೆ ಬಂದ ವಿದೇಶಿಯರಿಗೆ ಕೊಡುವ ನಿವಾಸದ ಪರವಾನಗಿ. ಹಾಗಾಗಿ ನನ್ನ ವೀಸಾಕ್ಕೆ ಜರ್ಮನ್ ಪರೀಕ್ಷೆ ಕೇಳಲಿಲ್ಲ. ಬಂದ ಮೇಲೆ ಸಿಕ್ಕ ನಿವಾಸದ ಕಾರ್ಡಿನ ಜೊತೆಗೇ ಯಾವ ಕೆಲಸ ಬೇಕಾದರೂ ಮಾಡಬಹುದು ಅನ್ನುವ ಅನುಮತಿಯೂ ಇತ್ತು. ಊರಿಗೆ ಫೋನ್ ಮಾಡಿ ಹೇಳಿದರೆ ಎಲ್ಲರಿಗೂ ಖುಷಿ. ಆದರೆ ಬೇಕರಿಯ ಕೌಂಟರಿನಲ್ಲಿ ಕೆಲಸ ಕೇಳಲು ಹೋದರೆ, ಅವರು ಕೇಳುವ ಮೊದಲ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಕಾನೂನು ಅಡ್ಡ ಬಂದಿದ್ದರೆ ಯಾರನ್ನಾದರೂ ಬೈಯಬಹುದಿತ್ತು. ಇಲ್ಲಿ ಅಡ್ಡ ನಿಂತಿರುವುದು ಬಾಯಿ. ಯಾರನ್ನು ಬೈಯೋದು?

ಹೀಗೆ ಬಂದವರಿಗಾಗಿಯೇ ಸರ್ಕಾರ ನಡೆಸುವ ವ್ಯವಸ್ಥೆ ಈ ಇಂಟಿಗ್ರೇಷನ್ ಕೋರ್ಸ್. ಇದರ ಉಸ್ತುವಾರಿ ಬಾಮ್ಫ್ ಅನ್ನುವ ವಲಸೆ ಇಲಾಖೆಯದ್ದು. ಪಾಠ ಮಾಡುವುದು ಮಾತ್ರ ಇಲಾಖೆ ಒಪ್ಪಿಗೆ ಕೊಟ್ಟ ಬೇರೆ ಬೇರೆ ಶಾಲೆಗಳು. ಹೆಚ್ಚಿನ ಊರುಗಳಲ್ಲಿ ಇರುವ ಫೋಲ್ಕ್ಸ್‌ಹೋಖ್‌ಶೂಲೆ, ಅಂದರೆ ದೊಡ್ಡವರು ಕಲಿಯುವ ಸಾರ್ವಜನಿಕ ಶಾಲೆಯಂಥದ್ದು, ಜೊತೆಗೆ ಖಾಸಗಿ ಭಾಷಾ ಶಾಲೆಗಳು. ಒಟ್ಟು 700 ತರಗತಿ. ಒಂದು ತರಗತಿ ಅಂದರೆ 45 ನಿಮಿಷ. 600 ಭಾಷೆಗೆ, ಉಳಿದ 100 ದೇಶದ ಇತಿಹಾಸ, ಕಾನೂನು, ಸಮಾಜಕ್ಕೆ. ಭಾಷೆಯ ಮಟ್ಟವನ್ನು ಇಲ್ಲಿ ಎ1, ಎ2, ಬಿ1, ಬಿ2 ಅಂತ ಮೆಟ್ಟಿಲಾಗಿ ಎಣಿಸುತ್ತಾರೆ; ಏನೂ ಬಾರದವರ ಎ1ರಿಂದ ಶುರುವಾಗಿ ಬಿ1 ತನಕ ಕರೆದುಕೊಂಡು ಹೋಗುತ್ತಾರೆ. ನಮ್ಮದು ಬೆಳಗಿನ ಬ್ಯಾಚ್. ಮಗನನ್ನು ಕಿಂಡರ್‌ಗಾರ್ಟನ್‌ಗೆ ಬಿಟ್ಟು ಓಡಿದರೆ ಸರಿಯಾಗುತ್ತಿತ್ತು.

ದುಡ್ಡಿನ ವಿಷಯ. ನಾನು ಸೇರಿದಾಗ ನಮ್ಮ ಪಾಲು ತರಗತಿಗೆ 2.29 ಯೂರೋ. ನೂರು ತರಗತಿಯ ಒಂದು ಮಾಡ್ಯೂಲಿಗೆ 229 ಯೂರೋ, ಪೂರ್ತಿ ಕೋರ್ಸಿಗೆ 1,603. ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ. ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತದೆ, ನಿಜ. ಆದರೆ ಎರಡು ವಿಷಯ ನೋಡಿ. ಮಾಡ್ಯೂಲ್ ಲೆಕ್ಕದಲ್ಲಿ ಕಟ್ಟಬಹುದು. ಕೋರ್ಸಿಗೆ ಸೇರಲು ಇಲಾಖೆ ಕೊಡುವ ಅನುಮತಿ ಚೀಟಿ ಸಿಕ್ಕ ಎರಡು ವರ್ಷದೊಳಗೆ ಕೊನೆಯ ಎರಡೂ ಪರೀಕ್ಷೆ (ಭಾಷೆಯದ್ದು, ದೇಶದ ವಿಷಯದ್ದು) ಪಾಸಾದರೆ, ನಾನು ಸೇರಿದಾಗ ಕಟ್ಟಿದ್ದರಲ್ಲಿ ಅರ್ಧ ವಾಪಸ್ ಕೇಳಬಹುದಿತ್ತು. ತಾನಾಗಿ ಬರುತ್ತಿರಲಿಲ್ಲ, ಅರ್ಜಿ ಹಾಕಬೇಕಿತ್ತು. ಸರ್ಕಾರದ ಸಹಾಯಧನದಲ್ಲಿ ಬದುಕುವವರಿಗೆ ಶುಲ್ಕವೇ ಇಲ್ಲ. ಅದು ನಮ್ಮಂಥವರಿಗೆ ಅನ್ವಯಿಸುವುದಿಲ್ಲ ಬಿಡಿ.

ಇನ್ನೊಂದು ಉಪಾಯವಿದೆ. ಸೇರುವ ಮೊದಲು ಮಟ್ಟ ನೋಡುವ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಎ1 ಆಗಲೇ ಬರುತ್ತದೆ ಅಂತ ಗೊತ್ತಾದರೆ ಮೂರನೇ ಮಾಡ್ಯೂಲಿನಿಂದ ಕೂರಿಸುತ್ತಾರೆ. ಎರಡು ಮಾಡ್ಯೂಲಿನ ದುಡ್ಡೂ ಉಳಿಯಿತು, ಸಮಯವೂ ಉಳಿಯಿತು. ಬೆಂಗಳೂರಿನಲ್ಲಿ ಇದ್ದವರಿಗೆ ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ. ನಮ್ಮಂಥ ಊರಿನವರಿಗೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯ ಪಾಠಗಳು, ಫೋಲ್ಕ್ಸ್‌ಹೋಖ್‌ಶೂಲೆಯವರ ಕಲಿಕಾ ಆ್ಯಪ್, ಎರಡೂ ಪುಕ್ಕಟೆ. ವೀಸಾ ಕಾಯುವ ತಿಂಗಳುಗಳಲ್ಲಿ ಸುಮ್ನೆ ಪ್ಯಾಕಿಂಗ್ ವಿಡಿಯೋ ನೋಡುವ ಬದಲು ಇದನ್ನು ಮಾಡಿ.

ಈಗ ಕ್ಲಾಸಿನೊಳಗೆ ಬರೋಣ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ. ಇಲ್ಲಿ ಎಲ್ಲರನ್ನೂ ಸರ್‌ನೇಮ್ ಹಿಡಿದೇ ಕರೆಯುವುದು. ಮೊದಲ ದಿನವೇ ನಾನು "ಫ್ರಾವ್ ಶಿವಣ್ಣ" ಆಗಿಬಿಟ್ಟೆ. ಅಪ್ಪನಿಗೆ ಹೇಳಿದರೆ "ಶ್ರೀಮತಿ ಶಿವಣ್ಣ ಅಂದ್ರೆ ನಿಮ್ಮಮ್ಮ ಅಲ್ವೇನೇ?" ಅಂತ ಫೋನಿನಲ್ಲೇ ನಕ್ಕರು. ನನ್ನ ಬೆಂಚಿನಲ್ಲಿ ಸಿರಿಯಾದ ಒಬ್ಬ ಕ್ಷೌರಿಕ, ಉಕ್ರೇನಿನ ಹಾರ್ಕಿವ್‌ನ ಒಬ್ಬ ಅಕೌಂಟೆಂಟ್, ಹಿಂದಿನ ಸಾಲಿನಲ್ಲಿ ಎರಿಟ್ರಿಯಾದ ಹುಡುಗ, ಮೂವತ್ತು ವರ್ಷದಿಂದ ಇಲ್ಲೇ ಇದ್ದು ಈಗ ಕಲಿಯಲು ಬಂದ ಟರ್ಕಿಯ ಅಜ್ಜಿ. ಆ ಅಜ್ಜಿಗೆ ಮಾತು ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು, ಬರೆಯಲು ಒಂದಕ್ಷರ ಬರುತ್ತಿರಲಿಲ್ಲ. ನನ್ನದು ಪೂರ್ತಿ ಉಲ್ಟಾ. ವ್ಯಾಕರಣದ ಕೋಷ್ಟಕ ಬಾಯಿಪಾಠ, ಬಾಯಿ ಮಾತ್ರ ಬಂದ್.

ನಮ್ಮ ಮೊದಲ ಟೀಚರ್ ಬಗ್ಗೆ ಹೇಳಲೇಬೇಕು. ಎರಡು ಕುರ್ಚಿ ತಂದು ಬೆನ್ನಿಗೆ ಬೆನ್ನು ಹಚ್ಚಿ ಇಡುತ್ತಿದ್ದರು. ಒಬ್ಬರು ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್, ಇನ್ನೊಬ್ಬರು ರೋಗಿ. ಮುಖ ಕಾಣಬಾರದು, ಕೈ ಸನ್ನೆ ನಡೆಯುವುದಿಲ್ಲ. ಫೋನಿನಲ್ಲಿ ಮಾತಾಡಿದ ಹಾಗೇ ಮಾತಾಡಿ ಅಪಾಯಿಂಟ್‌ಮೆಂಟ್ ತಗೋಬೇಕು. ಟೀಚರ್ ನಡುವೆ ಸುಮ್ಮನೆ ಇರುತ್ತಿರಲಿಲ್ಲ. ಕಿಟಕಿ ತೆಗೆದು ರಸ್ತೆಯ ಗದ್ದಲ ಒಳಗೆ ಬಿಡೋರು. ರಿಸೆಪ್ಷನಿಸ್ಟ್ ಆದವರ ಕಿವಿಯಲ್ಲಿ "ಬೇಗ ಬೇಗ ಮಾತಾಡು, ಸಿಡುಕು" ಅಂತ ಹೇಳಿಕೊಡೋರು. ಹಾರ್ಕಿವ್‌ನ ಅಕೌಂಟೆಂಟ್ ನನ್ನ ಮೇಲೆ ಸಿಡುಕಿದ ರೀತಿಗೆ ನನಗೆ ನಿಜವಾಗಲೂ ಕಣ್ಣಲ್ಲಿ ನೀರು ಬಂತು.

ಅದರಲ್ಲೂ ನಂಬರ್ ಬರೆದುಕೊಳ್ಳುವುದು. ಜರ್ಮನ್‌ನಲ್ಲಿ ನಲವತ್ತೇಳು ಅನ್ನಲು ಏಳನ್ನು ಮೊದಲು ಹೇಳಿ ಆಮೇಲೆ ನಲವತ್ತು ಅನ್ನುತ್ತಾರೆ. ಫೋನ್ ನಂಬರನ್ನು ಎರಡೆರಡು ಅಂಕಿ ಸೇರಿಸಿ ಹೇಳಿದರೆ, ಬರೆಯುವ ಕೈ ಒಂದು ಜಾಗ ಬಿಟ್ಟು ಕಾಯಬೇಕು. ನಾವು 47 ಬರೆಯುವ ಕಡೆ 74 ಬರೆದು ಕೂತಿರುತ್ತಿದ್ದೆವು. ಆ ಕುರ್ಚಿಯ ಆಟ ಆಡಿದ ಮೇಲೆ ಹಲ್ಲಿನ ಡಾಕ್ಟರಿಗೆ ನಾನೇ ಫೋನ್ ಮಾಡಿ, ದಿನ, ಗಂಟೆ, ಇನ್ಶೂರೆನ್ಸ್ ಎಲ್ಲ ಹೇಳಿ ಮುಗಿಸಿದೆ. ಮನೆಯವರು ಪಕ್ಕದ ರೂಮಿನಲ್ಲಿ ಮೀಟಿಂಗಿನಲ್ಲಿದ್ದರು. ಮೊದಲಾಗಿದ್ದರೆ ಅವರ ಮೀಟಿಂಗ್ ಮುಗಿಯುವ ತನಕ ನನ್ನ ಹಲ್ಲುನೋವೂ ಕಾಯಬೇಕಿತ್ತು.

ಕನ್ನಡದವರಿಗೆ ಒಂದು ಸಮಾಧಾನ. ಉದ್ದ ವಾಕ್ಯದಲ್ಲಿ ಕ್ರಿಯಾಪದವನ್ನು ತೆಗೆದುಕೊಂಡು ಹೋಗಿ ಕೊನೆಗೆ ಇಡುವುದು ಬಂದಾಗ ಕ್ಲಾಸಿನ ಅರ್ಧ ಜನ ತಲೆ ಹಿಡಿದುಕೊಂಡರು. ನಮಗೇನು, ಹುಟ್ಟಿದಾಗಿನಿಂದ ಹಾಗೇ ಮಾತಾಡಿಕೊಂಡು ಬಂದವರು. ಆದರೆ ಮೇಜು ಗಂಡು, ದೀಪ ಹೆಣ್ಣು, ಹುಡುಗಿ ನಪುಂಸಕ ಅನ್ನುವುದಕ್ಕೆ ಮಾತ್ರ ಯಾವ ಸಮಾಧಾನವೂ ಇಲ್ಲ. ಉರು ಹೊಡೆಯಬೇಕು, ಅಷ್ಟೇ.

ಇನ್ನು ಕಳೆದುಹೋದ ಸ್ಟಾರಿನ ಕಥೆ. ಆ ಒಳ್ಳೆ ಟೀಚರ್ ಮಾಡ್ಯೂಲಿನ ನಡುವೆಯೇ ಕೆಲಸ ಬಿಟ್ಟರು. ಆಮೇಲೆ ಬದಲಿ ಟೀಚರುಗಳ ಮೆರವಣಿಗೆ. ಒಬ್ಬರು ಬಂದು ಜೆರಾಕ್ಸ್ ಹಂಚಿ ಮೊಬೈಲ್ ನೋಡುತ್ತಾ ಕೂತರು. ಇನ್ನೊಬ್ಬರು ಹಿಂದಿನವರು ಮುಗಿಸಿದ ಪಾಠವನ್ನೇ ಮತ್ತೆ ಶುರು ಮಾಡಿದರು. ಆಫೀಸಿನಲ್ಲಿ ಕೇಳಿದರೆ "ಟೀಚರ್ ಸಿಗುತ್ತಿಲ್ಲ" ಅನ್ನುವ ಒಂದೇ ಉತ್ತರ. ಸಿಗುತ್ತಿರಲಿಲ್ಲ ಅನ್ನುವುದು ಸುಳ್ಳೂ ಇರಲಿಕ್ಕಿಲ್ಲ. ಆದರೆ ದುಡ್ಡು ಕಟ್ಟುವ ತಾರೀಕು ಒಂದು ದಿನ ತಪ್ಪಿದರೆ ಮಾತ್ರ ತಕ್ಷಣ ಮೇಲ್ ಬರುತ್ತಿತ್ತು. ಹದಿನೈದಿಪ್ಪತ್ತು ಜನಕ್ಕಿಂತ ಜಾಸ್ತಿ ಇದ್ದ ಕ್ಲಾಸಿನಲ್ಲಿ, ಬಾಯಿ ತೆಗೆಯುವ ಸರದಿ ಬರುವಷ್ಟರಲ್ಲಿ ಗಂಟೆ ಮುಗಿದಿರುತ್ತಿತ್ತು. ನಾನೂ ಪಾಠ ಮಾಡಿದವಳು. ತಯಾರಿ ಇಲ್ಲದೆ ಬಂದ ಟೀಚರನ್ನು ಬಾಗಿಲಲ್ಲೇ ಗುರುತು ಹಿಡಿಯುತ್ತೇನೆ.

ಕೋರ್ಸಿನಲ್ಲಿ ಕಲಿಸುವ ಭಾಷೆಯೂ ಬೀದಿಯ ಭಾಷೆಯೂ ಒಂದೇ ಅಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಈ ಸೀಮೆಯವರು ಶ್ವೇಬಿಶ್ ಮಾತಾಡುತ್ತಾರೆ. ಪುಸ್ತಕದ "ಇಖ್ ಹಾಬೆ" ಅನ್ನುವುದು ಇವರ ಬಾಯಲ್ಲಿ "ಇ ಹಾನ್". ನಮ್ಮ ಬಿಲ್ಡಿಂಗಿನಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ. ಒಂದೊಂದು ಮನೆಯವರು ಒಂದೊಂದು ವಾರ ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ನಿಮ್ಮ ವಾರ ಬಂದಾಗ ಬಾಗಿಲಿಗೆ ಒಂದು ಹಲಗೆ ನೇತು ಹಾಕುತ್ತಾರೆ. ಕೆಳಗಿನ ಮನೆಯ ಅಜ್ಜಿ ಆ ಹಲಗೆ ಹಿಡಿದು ಬಂದು ನನಗೆ ಕಾಲು ಗಂಟೆ ಪಾಠ ಮಾಡಿದರು. ಎ2 ಮುಗಿಸಿದ್ದ ನನಗೆ ಅರ್ಥವಾಗಿದ್ದು ಪೊರಕೆ ಒಂದೇ. ಅವರು ಅದನ್ನು ಕೈಯಲ್ಲೇ ಹಿಡಿದಿದ್ದರಲ್ಲ!

ಕೊನೆಯ ನೂರು ತರಗತಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ತುಂಬಾ ಜನ ಇದನ್ನು "ಕಾಟಾಚಾರದ್ದು, ಪ್ರಶ್ನೆ ಉರು ಹೊಡೆದರೆ ಸಾಕು" ಅನ್ನುತ್ತಾರೆ. ಪಾಸಾಗಲು ಅದು ನಿಜವೇ. ಪ್ರಶ್ನೆಗಳೆಲ್ಲ ಮೊದಲೇ ಬಹಿರಂಗ: ಇಡೀ ದೇಶಕ್ಕೆ 300, ನಮ್ಮ ರಾಜ್ಯಕ್ಕೆ ಅಂತ 10. ಪರೀಕ್ಷೆಗೆ ಬರುವುದು 33, ಅದರಲ್ಲಿ 15 ಸರಿಯಾದರೆ ಪಾಸ್. ಮುಂದೆ ಪೌರತ್ವ ಬೇಕು ಅನ್ನುವವರಿಗೆ ಇದೇ ಪರೀಕ್ಷೆಯಲ್ಲಿ 17 ಬೇಕು. ಹಾಗಾಗಿ 17 ಅಂತಲೇ ಇಟ್ಟುಕೊಂಡು ಓದಿ.

ತಿಪಟೂರಿನಲ್ಲಿ ನಾನೇ ಬಿಸ್ಮಾರ್ಕ್, ಜರ್ಮನಿಯ ಏಕೀಕರಣ, ಹಿಟ್ಲರ್ ಅಂತ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವಳು. ಈಗ 1933, 1945, 1949, 1989 ಅಂತ ಇಸವಿಗಳನ್ನು ಬೆಂಚಿನಲ್ಲಿ ಕೂತು ಬರೆದುಕೊಂಡೆ. ಒಂದು ಬೆಳಿಗ್ಗೆ ಟೀಚರ್ ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ಫುಟ್‌ಪಾತಿನ ಕಲ್ಲುಗಳ ನಡುವೆ ಹತ್ತು ಸೆಂಟಿಮೀಟರ್ ಅಗಲದ ಹಿತ್ತಾಳೆ ತಗಡುಗಳು. ಇವನ್ನು ಸ್ಟೋಲ್ಪರ್‌ಸ್ಟೈನ್ ಅನ್ನುತ್ತಾರೆ. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ್ದು. ನಾಜಿಗಳು ಹಿಡಿದೊಯ್ದವರು ಕೊನೆಯದಾಗಿ ತಮ್ಮಿಷ್ಟದಿಂದ ಇದ್ದ ಮನೆಯ ಮುಂದೆ ಅವರ ಹೆಸರಿನ ತಗಡು ಹುಗಿಯುತ್ತಾರೆ. ಕ್ಷೌರಿಕ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಜೋರಾಗಿ ಓದಿದ. ಇಲ್ಲಿ ವಾಸವಿದ್ದರು, ಇಂಥವರು, ಹುಟ್ಟಿದ್ದು ಇಂಥ ಇಸವಿ, ಇಂಥ ಇಸವಿಯಲ್ಲಿ ಸಾಗಿಸಿದರು. ವಾಸವಿದ್ದರು, ಹುಟ್ಟಿದರು. ಇಷ್ಟು ನಮಗೆ ಶುರುವಿನ ಪಾಠಗಳಲ್ಲೇ ಬಂದಿತ್ತು. ಡಿಕ್ಷನರಿ ಬೇಕಾಗಲಿಲ್ಲ. ಓದಿ ಮುಗಿಸಿ ಅವನು ಅಂಗಿಯ ತೋಳಿನಿಂದ ತಗಡು ಒರೆಸಿದ. ನಾನು ಹತ್ತು ವರ್ಷ ಹೇಳಿದ ಪಾಠದಲ್ಲಿ ಇದು ಎಲ್ಲೂ ಇರಲಿಲ್ಲ.

ಭಾಷೆಯ ಪರೀಕ್ಷೆ ಅಂಥಾ ಕಷ್ಟವಿಲ್ಲ. ಕೇಳಿಸಿಕೊಳ್ಳುವುದು, ಓದುವುದು, ಒಂದು ಪತ್ರ ಬರೆಯುವುದು, ಆಮೇಲೆ ಇಬ್ಬಿಬ್ಬರನ್ನು ಕೂರಿಸಿ ಮಾತಾಡಿಸುವುದು. ಬಿ1 ಸರ್ಟಿಫಿಕೇಟ್ ಸಿಗಬೇಕಾದರೆ ಮಾತಿನಲ್ಲಿ ಬಿ1 ಬರಲೇಬೇಕು. ಕೇಳುವುದು, ಓದುವುದು ಸೇರಿ ಒಂದು ಭಾಗ, ಬರೆಯುವುದು ಇನ್ನೊಂದು; ಈ ಎರಡರಲ್ಲಿ ಒಂದರಲ್ಲಿ ಬಿ1 ಬಂದರೆ ಸಾಕು. ಮಾತೇ ಮುಖ್ಯ ಅನ್ನುವುದು ಮಾರ್ಕ್ಸಿನ ಲೆಕ್ಕದಲ್ಲೇ ಇದೆ. ನನ್ನ ಜೋಡಿ ಎರಿಟ್ರಿಯಾದ ಹುಡುಗ. ಸಹೋದ್ಯೋಗಿಯ ಬೀಳ್ಕೊಡುಗೆಗೆ ಪಾರ್ಟಿ ಹೇಗೆ ಮಾಡೋಣ ಅಂತ ಇಬ್ಬರೂ ಸೇರಿ ಯೋಜನೆ ಹಾಕಬೇಕಿತ್ತು. ನಾನು ಕೇಕ್ ಅಂದೆ. ಅವನು "ಕೇಕ್ ಆಮೇಲೆ, ಮೊದಲು ಕಾಫಿ ಬೀಜ ಹುರಿಯಬೇಕು, ಆಫೀಸಿನಲ್ಲೇ ಹುರಿಯಬೇಕು" ಅಂತ ಹಟ ಹಿಡಿದ. ಹೊಗೆಗೆ ಫೈರ್ ಅಲಾರಂ ಕೂಗುತ್ತದೆ ಅಂತ ನಾನು ವಾದಿಸಿದೆ. ಅಲಾರಂಗೆ ಬಟ್ಟೆ ಕಟ್ಟೋಣ ಅಂದ. ಪರೀಕ್ಷಕರು ಪೆನ್ ಕೆಳಗಿಟ್ಟು ನಕ್ಕರು. ಇಬ್ಬರೂ ಪಾಸ್.

ಸರಿ, ಸರ್ಟಿಫಿಕೇಟ್ ಬಂತು. ಕೆಲಸ? ಕೋರ್ಸಿನ ಬಗ್ಗೆ ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಬಿ1 ಅಂದರೆ ಮನೆ ಮಾಲೀಕರಿಗೆ ಪತ್ರ ಬರೆಯಬಹುದು, ಶಾಲೆಯ ಪೋಷಕರ ಸಭೆಯಲ್ಲಿ ಕೂರಬಹುದು, ಕಚೇರಿಯಲ್ಲಿ ಗಂಡನ ಹಿಂದೆ ನಿಲ್ಲಬೇಕಾಗಿಲ್ಲ. ಓದಿದ ಓದಿಗೆ ತಕ್ಕ ಕೆಲಸ ಅದರಿಂದ ಸಿಗುವುದಿಲ್ಲ. ಟೀಚರ್ ಕೆಲಸಕ್ಕೆ ಇಲ್ಲಿ ಸಾಮಾನ್ಯವಾಗಿ ಎರಡು ವಿಷಯ ಓದಿರಬೇಕು, ಭಾಷೆ ಇದಕ್ಕಿಂತ ಎಷ್ಟೋ ಮೇಲಿನ ಮಟ್ಟದಲ್ಲಿ ಬೇಕು. ನಾನು ಈಗ ಒಂದು ಶಾಲೆಯ ಊಟದ ಹಾಲಿನಲ್ಲಿ ಮಿನಿಜಾಬ್ ಮಾಡುತ್ತೇನೆ. ಮಿನಿಜಾಬ್ ಅಂದರೆ ಒಂದು ಮಿತಿಯೊಳಗಿನ ಸಂಬಳದ ಸಣ್ಣ ಕೆಲಸ. 2025ರಲ್ಲಿ ಆ ಮಿತಿ ತಿಂಗಳಿಗೆ 556 ಯೂರೋ. ಮಕ್ಕಳಿಗೆ ಬಡಿಸುವುದು, ಮೇಜು ಒರೆಸುವುದು, ಯಾರು ಸೊಪ್ಪು ಬಿಟ್ಟರು ಅಂತ ಗದರುವುದು. ಗದರುವುದರಲ್ಲಿ ನನಗೆ ಅನುಭವ ಜಾಸ್ತಿ. ಆ ಮಕ್ಕಳ ಹತ್ತಿರ ಕಲಿಯುವ ಜರ್ಮನ್ ಯಾವ ಮಾಡ್ಯೂಲಿನಲ್ಲೂ ಇಲ್ಲ, ಕೆಲವು ಮಾತುಗಳು ಇಲ್ಲದಿರುವುದೇ ಒಳ್ಳೆಯದು.

ಚಿಕ್ಕಪ್ಪನ ಮಗ ತುಮಕೂರಿನಿಂದ ಆಗಾಗ ಫೋನ್ ಮಾಡುತ್ತಾನೆ. ಬಿ.ಕಾಂ. ಮುಗಿಸಿ ಶೋರೂಮಿನಲ್ಲಿ ಇದ್ದಾನೆ. "ಅಕ್ಕಾ, ಏಜೆಂಟ್ ಒಬ್ಬ ಚಾನ್ಸ್ ಕಾರ್ಡ್ ಮಾಡಿಸಿಕೊಡ್ತೀನಿ ಅಂತಾನೆ. ಬಂದುಬಿಡಲಾ?"

"ಬಂದು ಏನು ಮಾಡ್ತೀಯೋ?"

"ಏನಾದ್ರೂ ಸಿಗುತ್ತಲ್ಲ ಅಕ್ಕ."

2024ರ ಜೂನ್‌ನಲ್ಲಿ ಶುರುವಾದ ಈ ಕಾರ್ಡ್ ಕೆಲಸ ಹುಡುಕಲು ಒಂದು ವರ್ಷದವರೆಗೆ ಇರಲು ಬಿಡುತ್ತದೆ, ಅಷ್ಟೇ. ಡಿಗ್ರಿ ಅಥವಾ ತರಬೇತಿ ಇರಬೇಕು. ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2 ಬರಬೇಕು. ವಯಸ್ಸು, ಅನುಭವ, ಭಾಷೆ ಇಂಥವಕ್ಕೆ ಕೊಡುವ ಪಾಯಿಂಟುಗಳಲ್ಲಿ ಆರಾದರೂ ಕೂಡಬೇಕು. ತಿಂಗಳಿಗೆ ಸಾವಿರ ಯೂರೋ ಮೇಲೆ ಖರ್ಚಿಗೆ ದುಡ್ಡಿದೆ ಅಂತ ತೋರಿಸಬೇಕು. ಆ ವರ್ಷದಲ್ಲಿ ವಾರಕ್ಕೆ 20 ಗಂಟೆಯಷ್ಟು ಮಾತ್ರ ದುಡಿಯಬಹುದು. ನನ್ನ ಹಾಗೆ ಮನೆಯಲ್ಲಿ ಇನ್ನೊಂದು ಸಂಬಳ ಇದ್ದು ಭಾಷೆ ಕಲಿಯುವುದು ಬೇರೆ, ತಿಂಗಳ ಲೆಕ್ಕ ಹಾಕುತ್ತಾ ಕೆಲಸ ಹುಡುಕುವುದು ಬೇರೆ. ಅವನಿಗೆ ಹೇಳಿದ್ದು ಇಷ್ಟೇ: ಏಜೆಂಟನಿಗೆ ಕೊಡುವ ದುಡ್ಡಿನಲ್ಲಿ ಬಿ1 ತನಕ ಅಲ್ಲೇ ಓದು. ಆಮೇಲೆ ಆಯ್ಕೆ ನೋಡೋಣ. ಅವನಿಗೆ ಬೇಜಾರಾಯ್ತು. ಆಗಲಿ.

ನಾನೀಗ ಬಿ2 ಮಟ್ಟದ ಉದ್ಯೋಗ ಭಾಷೆಯ ಕೋರ್ಸಿಗೆ ಹೆಸರು ಕೊಟ್ಟಿದ್ದೇನೆ. ಈ ಸಲ ಶಾಲೆ ಹುಡುಕುವ ರೀತಿಯೇ ಬೇರೆ. ಬಾಮ್ಫ್ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿದರೆ ಹತ್ತಿರದ ಶಾಲೆಗಳ ಪಟ್ಟಿ ಬರುತ್ತದೆ. ಪಟ್ಟಿ ನೋಡಿ ಫೋನ್ ಮಾಡುವುದಲ್ಲ, ಬೆಳಗಿನ ಬ್ರೇಕ್ ಹೊತ್ತಿಗೆ ಹೋಗಿ ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಈ ಬ್ಯಾಚಿಗೆ ಒಬ್ಬರೇ ಟೀಚರಾ, ಎಷ್ಟು ದಿನದಿಂದ ಇದ್ದಾರೆ ಅಂತ ಓದುವವರನ್ನೇ ಕೇಳಿ. ಕಾಫಿ ಮೆಷಿನ್ ಹತ್ತಿರ ಅವರು ತಮ್ಮತಮ್ಮಲ್ಲಿ ಯಾವ ಭಾಷೆ ಮಾತಾಡುತ್ತಾರೆ ಕೇಳಿಸಿಕೊಳ್ಳಿ. ಒಂದೇ ದೇಶದವರು ತುಂಬಿದ ಕ್ಲಾಸಾದರೆ ಬ್ರೇಕಿನಲ್ಲಿ ಅವರದೇ ಭಾಷೆ ನಡೆಯುತ್ತದೆ. ಎಲ್ಲ ಕಡೆಯವರೂ ಬೆರೆತಿದ್ದರೆ ಬೇರೆ ದಾರಿಯಿಲ್ಲದೆ ಮುರುಕು ಜರ್ಮನ್‌ನಲ್ಲೇ ಹರಟುತ್ತಾರೆ. ಹಾಗಿರುವ ಕಡೆ ಸೇರಿ. ಇಂಗ್ಲಿಷ್ ಬರುವ ಇಂಡಿಯನ್ನರೇ ಜಾಸ್ತಿ ಇರುವ ಬ್ಯಾಚ್ ಕೊಟ್ಟರೆ, ಇನ್ನೊಂದು ತಿಂಗಳು ಕಾದರೂ ಪರವಾಗಿಲ್ಲ, ಬೇರೆ ಬ್ಯಾಚ್ ಕೇಳಿ.